ಹೊಟ್ಟೆ ಇರುವುದೇ ಗಂಡು

ಕನ್ನಡಕದಂಗಡಿಯ ಯಜಮಾನರಿಗೆ ಬೇಸಿಗೆಯ ಮೇಲೆ ಇದ್ದದ್ದು ಒಂದೇ ಒಂದು ದೂರು. ಸೆಕೆಯಲ್ಲ, ನೀರಿನ ತಾಪತ್ರಯವಲ್ಲ. ಸಂಜೆ ಅಂಗಡಿಯ ಬಾಗಿಲೆಳೆದು ಮನೆಗೆ ಬಂದರೆ ಹೆಂಡತಿ ಒಳಗೆ ಇರುತ್ತಿರಲಿಲ್ಲ. ಹಿತ್ತಲಲ್ಲಿ, ಕಾಂಪೌಂಡ್ ಗೋಡೆಯ ಹತ್ತಿರ ಇರುತ್ತಿದ್ದಳು. ಗೋಡೆಯ ಆಚೆ ಪಕ್ಕದ ಮನೆಯ ಟೈಲರು, ಈಚೆ ಬೀದಿಯ ಕೊನೆಮನೆಯಿಂದ ಬಂದ ನರ್ಸಮ್ಮ, ನಡುವೆ ಇವಳು. ಮೂವರ ಕೈಯಲ್ಲೂ ಮಣ್ಣು, ಮೂವರ ಬಾಯಲ್ಲೂ ಮಾತು. ಯಜಮಾನರ ಕಾಫಿ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. (ಆ ಬೇಸಿಗೆಯಲ್ಲಿ ಆ ಮನೆಯೊಳಗೆ ತಣ್ಣಗಾದ ವಸ್ತು ಅದೊಂದೇ.)

ಹೆಂಡತಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ರಜೆ ಶುರುವಾದ ಮರುದಿನವೇ ಕುಂಚಗಳನ್ನು ತೊಳೆದಿಟ್ಟು ಗುದ್ದಲಿ ಹಿಡಿಯುವವಳು. ನರ್ಸಮ್ಮ ರಿಟೈರಾದ ಹೆಡ್ ನರ್ಸ್. ಅವರ ಹಿತ್ತಲಲ್ಲಿ ಗಿಡಗಳು ಬೆಳೆಯುವುದಿಲ್ಲ, ಚೇತರಿಸಿಕೊಳ್ಳುತ್ತವೆ. ಟೈಲರ ಬದನೆಯ ಪಾತಿಯಂತೂ ದಾರ ಹಿಡಿದು ಹೊಲಿಗೆ ಹಾಕಿದಷ್ಟು ನೇರ. ಒಂದು ಸಸಿ ಅಡ್ಡ ಬೆಳೆದರೆ ಅವರಿಗೆ ಕಾಲರ್ ಕೆಟ್ಟಷ್ಟು ಸಂಕಟ.

ಈ ಮೂವರು ದಿನಾ ಅಷ್ಟು ಹೊತ್ತು ಏನು ಮಾತಾಡುತ್ತಾರೆ? ನಿನ್ನೆ ಇದ್ದ ಗಿಡವೇ ಇವತ್ತೂ ಇರುತ್ತದೆ. ಅದರ ಮೇಲೆ ನಿನ್ನೆ ನಕ್ಕದ್ದು ಸಾಲದೆ ಇವತ್ತೂ ನಗುವುದೇಕೆ? ಯಜಮಾನರು ತಣ್ಣನೆಯ ಕಾಫಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಕದ್ದು ಕೇಳುವುದು ಅವರ ಜಾಯಮಾನವಲ್ಲ. ಕಿಟಕಿ ತೆರೆದಿತ್ತು, ಕಿವಿಯೂ ತೆರೆದಿತ್ತು, ಅಷ್ಟೆ.

ಆ ಸಂಜೆ ಕೇಳಿಸಿದ್ದು ಇದು:

"ನಾಳೆ ಬೆಳಿಗ್ಗೆ ಹೆಣ್ಣು ಅರಳತ್ತೆ ನರ್ಸಮ್ಮ, ಅನುಮಾನವೇ ಇಲ್ಲ. ಆದ್ರೆ ನಮ್ಮನೇಲಿ ಗಂಡೇ ಇಲ್ವಲ್ಲ!"

ಕಾಫಿ ಯಜಮಾನರ ನೆತ್ತಿಗೇರಿತು. ಮನೆಯಲ್ಲಿ ಗಂಡೇ ಇಲ್ಲವೆ? ಹಾಗಾದರೆ ಕಿಟಕಿಯಲ್ಲಿ ನಿಂತು ಕೆಮ್ಮುತ್ತಿರುವುದು ಯಾರು?

"ಹೋದ ವಾರ ಅಷ್ಟೊಂದು ಇದ್ವಲ್ಲ?" ಎಂದರು ನರ್ಸಮ್ಮ.

"ಬಂದ್ವು, ಕಾದ್ವು, ಬಾಡಿ ಉದುರಿಹೋದ್ವು. ಇವಳು ಬರೋ ಹೊತ್ತಿಗೆ ಒಂದೂ ಇಲ್ಲ."

"ಗಂಡಿನ ಬುದ್ಧಿಯೇ ಅಷ್ಟು ಟೀಚರ್," ಎಂದರು ಟೈಲರು ಗೋಡೆಯಾಚೆಯಿಂದ. "ಬೇಡದಾಗ ಗುಂಪು, ಬೇಕಾದಾಗ ನಾಪತ್ತೆ."

"ಯೋಚನೆ ಯಾಕೆ?" ಎಂದರು ನರ್ಸಮ್ಮ. "ನಮ್ಮ ಹಿತ್ತಲಲ್ಲಿ ಗಂಡಿಗೇನು ಬರ? ನಾಳೆ ಬಂದು ಒಂದು ಕಿತ್ಕೊಂಡು ಹೋಗಿ. ನಾನು ಇಂಜೆಕ್ಷನ್ ಕೊಡೋಕೆ ಹೋಗಿರ್ತೀನಿ, ಗೇಟಿಗೆ ಚಿಲಕ ಅಷ್ಟೇ ಇರತ್ತೆ."

ಯಜಮಾನರಿಗೆ ಇನ್ನು ತಡೆಯಲಾಗಲಿಲ್ಲ. ಹಿತ್ತಲಿಗೆ ಬಂದೇಬಿಟ್ಟರು. "ಇವಳೇ, ಯಾರ ಮದುವೆ?"

ಮೂವರೂ ಅವರನ್ನು ನೋಡಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ನಕ್ಕ ನಗೆಗೆ ಗೋಡೆಯ ಮೇಲಿದ್ದ ಅಳಿಲು ಹಾರಿ ಓಡಿತು.

"ಕುಂಬಳದ್ದು ಕಣ್ರೀ!" ಎಂದಳು ಹೆಂಡತಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಗೋಡೆಗುಂಟ ಹಬ್ಬಿದ ಕುಂಬಳದ ಬಳ್ಳಿಯನ್ನು ಅವರು ದಿನಾ ನೋಡುತ್ತಿದ್ದರು, ಎಂದರೆ ದಾಟಿಹೋಗುತ್ತಿದ್ದರು. ಅದರಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ ಎಂದು ಈಗ ತಿಳಿಯಿತು. ಎರಡೂ ನಸುಕಿಗೆ ಅರಳಿ ಬಿಸಿಲೇರುವ ಮೊದಲೇ ಮುದುಡುತ್ತವಂತೆ. ಅಷ್ಟರೊಳಗೆ ಗಂಡಿನ ಪುಡಿ ಹೆಣ್ಣಿಗೆ ತಾಗಬೇಕು. ಈ ಬಿಸಿಲಿಗೆ ದುಂಬಿಗಳೂ ರಜೆ ಹಾಕಿವೆ. ಆದ್ದರಿಂದ ಅದನ್ನು ಕೈಯಾರೆ ಮಾಡಬೇಕು.

"ಮಾಡದಿದ್ರೆ?"

"ಕಚ್ಚಲ್ಲ."

"ಯಾರನ್ನ?"

"ಅಯ್ಯೋ, ಕಾಯಿ ಕಚ್ಚಲ್ಲ ರೀ! ಹೂ ಉದುರಿಹೋಗತ್ತೆ." ಹೆಂಡತಿಯ ನಗು ಅಲ್ಲಿಗೆ ನಿಂತಿತು. "ಮೂರು ಬೇಸಿಗೆ ಆಯ್ತು. ಟೈಲರಣ್ಣ ಬದನೆ ಕೊಟ್ರು, ನರ್ಸಮ್ಮ ಹೀರೆ ಕೊಟ್ರು. ನಾನು ಕೊಟ್ಟಿದ್ದೇನು? ಸಸಿ, ಬೀಜ, ಸಲಹೆ. ಒಂದೇ ಒಂದು ಕಾಯಿ ಕೈಯಲ್ಲಿ ಹಿಡ್ಕೊಂಡು ಇವರ ಮನೆ ಬಾಗಿಲಿಗೆ ಹೋಗಿಲ್ಲ. ಬಳ್ಳಿಯ ಬುಡ ಆಗಲೇ ಹಳದಿ ತಿರುಗ್ತಿದೆ. ಈ ಹೂವೇ ಕೊನೇದು."

ಆ ಕೊನೆಯ ಹೂವಿನ ಮೊಗ್ಗಿಗೆ ಅವಳು ತೆಳ್ಳನೆಯ ಬಿಳಿ ಬಟ್ಟೆಯ ಚೀಲ ಕಟ್ಟಿದ್ದಳು, ಅಳಿಲು ಮುಟ್ಟದಿರಲೆಂದು. ಒಳಗೇನಿದೆಯೋ! ಯಜಮಾನರು ಬಗ್ಗಿ ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದರು.

"ಮುಟ್ಟಬೇಡಿ!" ಮೂರು ದನಿ ಒಟ್ಟಿಗೆ ಬಂತು.

ಕತ್ತಲಾಗುವ ಮುಂಚೆ ಚೀಲದ ಗಂಟನ್ನು ಇನ್ನೊಮ್ಮೆ ನೋಡಿಬರಲು ಹೋದ ಹೆಂಡತಿ ನಲ್ಲಿಯ ಹತ್ತಿರದ ಪಾಚಿಯ ಮೇಲೆ ಜಾರಿದಳು. ಕಾಲು ಉಳುಕಿತು. ನರ್ಸಮ್ಮ ಬಂದು ಬಟ್ಟೆ ಸುತ್ತಿ, "ನಾಳೆ ಪೂರ್ತಿ ಕಾಲು ಕೆಳಗಿಡಬೇಡಿ," ಎಂದು ವಾರ್ಡಿನ ದನಿಯಲ್ಲಿ ಹೇಳಿ ಹೋದರು. ಹೀಗೆ, ಗಂಡು ತರುವ ಮಹಾಕಾರ್ಯ ಆ ಮನೆಯ ಏಕೈಕ ಗಂಡಿನ ಮೇಲೆ ಬಿತ್ತು.

ಬೆಳಿಗ್ಗೆ ಯಜಮಾನರು ಚಪ್ಪಲಿ ಮೆಟ್ಟುವಾಗ ಹೆಂಡತಿ ಮಂಚದಿಂದಲೇ ಕೇಳಿದಳು: "ರೀ, ಗಂಡು ಹೂ ಹೇಗಿರತ್ತೆ ಗೊತ್ತು ತಾನೆ?"

ಗೊತ್ತಿರಲಿಲ್ಲ. ಆದರೆ ನಿನ್ನೆಯ ನಗು ಇನ್ನೂ ಕಿವಿಯಲ್ಲಿತ್ತು.

"ಊರಿಗೆಲ್ಲ ಕಣ್ಣು ಕೊಡೋನು ನಾನು. ಒಂದು ಹೂ ಗುರುತಿಸೋಕೆ ಆಗಲ್ವಾ?"

"ಕಣ್ಣು ಕೊಡ್ತೀರಿ, ಸರಿ. ಕಿವಿ ಒಂದು ನಿಮಿಷ ಇಲ್ಲಿ ಕೊಡಿ. ಹೊಟ್ಟೆ ಇರತ್ತಲ್ಲ..."

"ಎಲ್ಲಾ ನೋಡ್ಕೋತೀನಿ!" ಎನ್ನುತ್ತ ಟಿಫಿನ್ ಡಬ್ಬಿ ಹಿಡಿದು ಅವರು ಗೇಟು ದಾಟಿಯಾಗಿತ್ತು.

ನಸುಕಿನ ಬೀದಿಯನ್ನು ಅವರು ಬಹಳ ದಿನದಿಂದ ನೋಡಿರಲಿಲ್ಲ. ಬಿಸಿಲು ಇನ್ನೂ ಎಲ್ಲೋ ಮನೆಗಳ ಹಿಂದೆ ಕೂತು ಯೋಚಿಸುತ್ತಿತ್ತು. ಯಾರದೋ ಅಂಗಳದಲ್ಲಿ ಪೈಪಿನ ನೀರು ಮಣ್ಣಿಗೆ ಬೀಳುವ ಸದ್ದು, ಆ ಮಣ್ಣಿನ ಉಸಿರು. ನರ್ಸಮ್ಮನ ಗೇಟಿನ ಚಿಲಕ ತೆಗೆದು ಹಿತ್ತಲಿಗೆ ಹೋದವರು ಹಾಗೇ ನಿಂತುಬಿಟ್ಟರು. ಹಸಿರು ಎಲೆಗಳ ನಡುವೆ ಹಳದಿ ಹೂಗಳು ದೀಪ ಹಚ್ಚಿಟ್ಟ ಹಾಗೆ ಅರಳಿದ್ದವು. ಒಂದೊಂದರೊಳಗೂ ಒಂದು ಹನಿ ಬೆಳಕು. ಇಷ್ಟು ವರ್ಷ ಈ ಹೊತ್ತಿನಲ್ಲಿ ತಾನು ಮಲಗಿರುತ್ತಿದ್ದೆನಲ್ಲ ಎಂದು ಅವರಿಗೆ ಮೊದಲ ಬಾರಿಗೆ ನಾಚಿಕೆಯಾಯಿತು.

ಆಮೇಲೆ ಅವರೊಳಗಿನ ವಿಜ್ಞಾನಿ ಎಚ್ಚರಗೊಂಡ. ಕನ್ನಡಕ ಒರೆಸಿಕೊಂಡು ಒಂದೊಂದೇ ಹೂವಿನ ಕೆಳಗೆ ಬಗ್ಗಿ ನೋಡಿದರು.

ಹೆಚ್ಚಿನವು ಸಣಕಲು. ಉದ್ದ ಕತ್ತು, ತೆಳು ಮೈ. ಗಾಳಿ ಬಂದರೆ ಸಾಕು, ಒಂದರ ಕಡೆ ಒಂದು ತಿರುಗಿ ತಲೆದೂಗುವುದು. ಗುಂಪಾಗಿ ನಿಂತು ಮಾತೋ ಮಾತು. ಕಾಂಪೌಂಡ್ ಗೋಡೆಯ ದೃಶ್ಯವೇ. ಇವು ಹೆಣ್ಣು, ಎಂದು ತೀರ್ಮಾನಿಸಿದರು. ಇನ್ನೂ ಹುಡುಕುತ್ತ ಹೋದಾಗ ಒಂದು ಅಗಲ ಎಲೆಯ ಅಡಿಯಲ್ಲಿ, ಉಳಿದವರ ಗಲಾಟೆಗೆ ಸೇರದೆ, ಒಂದೇ ಒಂದು ಹೂ ಕೂತಿತ್ತು. ಗಿಡ್ಡ ಕತ್ತು. ಗಂಭೀರ ಮುಖ. ಹೂವಿನ ಕೆಳಗೆ ನುಣ್ಣಗೆ, ದುಂಡಗೆ, ಗೋಲಿಯಷ್ಟು ಹೊಟ್ಟೆ.

ಯಜಮಾನರು ಆ ಹೊಟ್ಟೆಯನ್ನು ನೋಡಿದರು. ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಇವಳೂ ಹೊಟ್ಟೆ ಎಂದೇ ಅಲ್ಲವೆ ಹೇಳಲು ಬಂದದ್ದು? ಸಂಶಯಕ್ಕೆ ಎಡೆಯೇ ಇಲ್ಲ. ದಿನವಿಡೀ ಒಂದೇ ಕಡೆ ಕೂತು ದುಡಿಯುವ ಜೀವ, ಪಾಪ!

(ನರ್ಸಮ್ಮ 'ಗಂಡಿಗೇನು ಬರ' ಎಂದದ್ದು ನೆನಪಾಯಿತು. ಇರುವುದು ಒಂದು, ಅದಕ್ಕೆ ಇಷ್ಟು ಬಡಾಯಿ! ಇರಲಿ, ದೊಡ್ಡವರು ಎಂದು ಕ್ಷಮಿಸಿದರು.)

ತೊಟ್ಟನ್ನು ಮೆಲ್ಲಗೆ ತಿರುಚಿದರು. 'ಚಟ್' ಎಂದಿತು. ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಮಲಗಿಸಿ, ದಂಡಯಾತ್ರೆ ಗೆದ್ದವರ ಹಾಗೆ ಮನೆಗೆ ನಡೆದರು.

ಹೆಂಡತಿ ಅಷ್ಟರಲ್ಲಿ ಗೋಡೆ ಹಿಡಿದು ಕುಂಟಿಕೊಂಡು ಬಂದು, ಹಿತ್ತಲು ಕಾಣುವ ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಿದ್ದಳು.

"ಗಂಡು ಸಿಕ್ತಾ?" ದನಿ ಬೀದಿಗೆಲ್ಲ ಕೇಳಿಸಿತು.

"ಸಿಕ್ಕಿತು. ಇದ್ದದ್ದೇ ಒಂದು, ಅದನ್ನೇ ತಂದೆ."

"ಒಂದೇನಾ?" ಅವಳ ಹುಬ್ಬು ಗಂಟಾಯಿತು. "ಇರಲಿ, ಬಿಸಿಲು ಬರತ್ತೆ. ಮೊದಲು ಚೀಲ ಬಿಚ್ಚಿ. ಮೆಲ್ಲಗೆ, ಹೂವಿಗೆ ನೋವಾಗಬಾರದು."

ಕೊನೆಗೂ ಆ ಚೀಲ! ಯಜಮಾನರು ಉಸಿರು ಹಿಡಿದು ದಾರ ಸಡಿಲಿಸಿದರು. ಬಟ್ಟೆ ಜಾರಿತು. ಬಂಗಾರದ ಬಣ್ಣದ ಹೂ ತೆರೆದ ಬಾಯಲ್ಲಿ ಬೆಳಕು ಕುಡಿಯುತ್ತಿತ್ತು. ಅದರ ಕೆಳಗೆ, ನುಣ್ಣಗೆ, ದುಂಡಗೆ...

"ಇವಳೇ!" ಎಂದರು ಅನುಕಂಪದಿಂದ. "ಬೇಜಾರು ಮಾಡ್ಕೋಬೇಡ. ನೀನು ಮೋಸ ಹೋಗಿದ್ದೀಯ. ಇದೂ ಗಂಡೇ."

"ಏನು?"

"ಹೊಟ್ಟೆ ಇದೆ."

ಕಿಟಕಿಯಿಂದ ಒಂದು ಕೈ ಹೊರಗೆ ಚಾಚಿತು.

"ರೀ... ಆ ಡಬ್ಬಿ ಇಲ್ಲಿ ಕೊಡಿ."

ಕಂಬಿಗಳ ಸಂದಿಯಲ್ಲಿ ಡಬ್ಬಿ ಒಳಗೆ ಹೋಯಿತು. ಮುಚ್ಚಳ ತೆರೆಯಿತು. ಹೆಂಡತಿ ಕೂಗಾಡುತ್ತಾಳೆಂದು ಯಜಮಾನರು ಹೆಗಲು ಕುಗ್ಗಿಸಿ ನಿಂತರು. ಅವಳು ಕೂಗಾಡಲಿಲ್ಲ. ಅದು ಇನ್ನೂ ಕೆಟ್ಟದ್ದು.

"ಹೊಟ್ಟೆ ಇರೋದು ಹೆಣ್ಣು ಕಣ್ರೀ," ಎಂದಳು ಮೆಲ್ಲಗೆ. "ಹೊಟ್ಟೆ ಇರತ್ತಲ್ಲ, ಅದನ್ನ ಮಾತ್ರ ಮುಟ್ಟಬೇಡಿ ಅನ್ನೋಕೆ ಬಂದೆ. ಇದು ಹೊಟ್ಟೆಯಲ್ಲ, ಕಾಯಿ. ಇದೇ ಬೆಳೆದು ಕುಂಬಳ ಆಗೋದು." ಗೋಲಿಯಂಥ ಆ ಕಾಯನ್ನು ಬೆರಳಿಂದ ಸವರಿದಳು. "ನರ್ಸಮ್ಮನ ಬಳ್ಳೀಲಿ ಇದೇ ಮೊದಲನೇದು ಇರಬೇಕು. ಪಾಪ, ಯಾರಿಗೂ ಹೇಳದೆ ಬಚ್ಚಿಟ್ಕೊಂಡಿದ್ರು."

ಯಜಮಾನರು ತಮ್ಮ ಹೊಟ್ಟೆಯ ಕಡೆ ನೋಡಿದರು. ಇಷ್ಟು ವರ್ಷ ಜೊತೆಗಿದ್ದು, ಇಂಥ ಹೊತ್ತಿನಲ್ಲಿ ಸುಳ್ಳು ಸಾಕ್ಷಿ ಹೇಳಿತ್ತು ಅದು.

"ಓಡಿ," ಎಂದಳು ಹೆಂಡತಿ ಡಬ್ಬಿ ಹಿಂದಕ್ಕೆ ಕೊಡುತ್ತ. "ಇದನ್ನ ಅವರಿಗೆ ಕೊಟ್ಟು ನಿಜ ಹೇಳಿ. ಸಣ್ಣಗೆ, ಉದ್ದ ಕತ್ತಿರೋದು ಒಂದು ಕೇಳ್ಕೊಂಡು ಬನ್ನಿ. ಬಿಸಿಲು ಗೋಡೆ ಇಳಿಯೋದರೊಳಗೆ!"

"ನಿಜಾನೇ ಹೇಳ್ತೀನಿ," ಎಂದು ಹೊರಟರು. ಆದರೆ ಮನೆಯ ಗೇಟಿನಲ್ಲಿ ನೆಟ್ಟಗಿದ್ದ ನಿಜ ಬೀದಿಯ ನಡುವೆ ಬರುವಾಗ ಸ್ವಲ್ಪ ಬಾಗಿತು. ಕೊನೆಮನೆ ಮುಟ್ಟುವ ಹೊತ್ತಿಗೆ, ನರ್ಸಮ್ಮ ಇನ್ನೂ ಬಂದಿರದಿದ್ದರೆ ಸುಮ್ಮನೆ ಒಂದು ಗಂಡು ಕಿತ್ತುಕೊಂಡು ಬಂದರಾಯಿತು, ಅಳಿಲುಗಳು ಇರುವುದಾದರೂ ಯಾತಕ್ಕೆ, ಎಂಬಲ್ಲಿಗೆ ಬಂದು ನಿಂತಿತ್ತು.

ನರ್ಸಮ್ಮ ಬಂದಿದ್ದರು. ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಟೈಲರು, ಹೊಲಿದ ದಿಂಬಿನ ಚೀಲಗಳನ್ನು ಕೊಡಲು ಬಂದವರು, ಕಂಕುಳಲ್ಲಿ ಗಂಟು ಹಿಡಿದು ನಿಂತಿದ್ದರು.

"ನೋಡಿ ಯಜಮಾನ್ರೇ," ಎಂದರು ನರ್ಸಮ್ಮ ತಲೆಯೆತ್ತದೆ. "ಒಂದೇ ಒಂದು ಹೆಣ್ಣು ಬಂದಿತ್ತು. ಇಂಜೆಕ್ಷನ್ ಕೊಟ್ಟು ಬಂದು ಪುಡಿ ಮುಟ್ಟಿಸೋಣ ಅಂತ ಹೋದೆ. ಬಂದು ನೋಡಿದ್ರೆ ಇಲ್ಲ."

"ಅಳಿಲು," ಎಂದರು ಯಜಮಾನರು. ಆ ಮಾತು ಅವರನ್ನು ಕೇಳದೆಯೇ ಹೊರಗೆ ಬಂದಿತ್ತು.

"ಅಳಿಲು ಕಚ್ಚಿದ್ರೆ ಹಲ್ಲಿನ ಗುರುತಿರತ್ತೆ. ಇದು ಕೈಯಲ್ಲಿ ತಿರುಚಿದ್ದು. ತೊಟ್ಟಿನ ನೀರೂ ಆರಿಲ್ಲ."

ಟೈಲರಿಗೆ ಉತ್ಸಾಹ ಬಂತು. "ಸುಲಭ ನರ್ಸಮ್ಮ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಬೀದೀಲಿ ನಿಂತು ಒಂದು ಸಲ ಕೂಗಿಬಿಡ್ತೀನಿ, ಯಾರ ಕೈ ಮೇಲೇಳತ್ತೆ ನೋಡೋಣ. ಏನಂತೀರಿ ಸಾರ್?"

ಗಾದೆ ಯಜಮಾನರಿಗೆ ಗೊತ್ತಿಲ್ಲದ್ದಲ್ಲ. ಎರಡು ಕೈಗಳಿಂದಲೂ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಹೆಗಲಲ್ಲಿ ಎಲ್ಲೋ ಒಂದು ನವೆ ಎದ್ದಿತು; ತಡೆದುಕೊಂಡರು. ನೊಣವೊಂದು ಬಂದು ಸರಿಯಾಗಿ ಅಲ್ಲೇ ಕೂತಿತು, ಅದನ್ನೂ ಸಹಿಸಿದರು. ಹೆಗಲು ಗೆದ್ದಿತು.

ಆಗ ನರ್ಸಮ್ಮ ನಿಟ್ಟುಸಿರಿಟ್ಟು, "ಎಷ್ಟು ಮುದ್ದಾಗಿತ್ತು ಗೊತ್ತಾ? ಪುಟ್ಟದೊಂದು ಹೊಟ್ಟೆ..." ಎಂದರು.

ಯಜಮಾನರ ಎರಡು ಕೈಗಳೂ ತಟ್ಟನೆ ಹೋಗಿ ಹೊಟ್ಟೆಯನ್ನು ಮುಚ್ಚಿಕೊಂಡವು.

ಕೈಬಿಟ್ಟ ಡಬ್ಬಿ ನೆಲಕ್ಕೆ ಬಿತ್ತು. ಮುಚ್ಚಳ ಉರುಳಿ ಉರುಳಿ ನರ್ಸಮ್ಮನ ಕಾಲ ಬಳಿ ಸುತ್ತಿ ಮಲಗಿತು. ಒದ್ದೆ ಬಟ್ಟೆಯ ಮೇಲೆ ಹೂ ನಗುತ್ತಿತ್ತು.

"ಹೊಟ್ಟೆ ಇತ್ತಲ್ಲ ನರ್ಸಮ್ಮ," ಎಂದರು ಯಜಮಾನರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ಗಂಡು ಅಂದ್ಕೊಂಡೆ."

ಟೈಲರು ಗಂಟಿನ ಸಮೇತ ನೆಲಕ್ಕೆ ಕೂತರು. ನಗು ಬಂದು ಬಂದು ಅವರಿಗೆ ಬಿಕ್ಕಳಿಕೆ ಹಿಡಿಯಿತು. ನರ್ಸಮ್ಮ ನಗಲಿಲ್ಲ. ಹೂವನ್ನೆತ್ತಿ ಅಂಗೈಯಲ್ಲಿ ಇಟ್ಟುಕೊಂಡು, "ಕಾಯಿ ಕಚ್ಚಿದ ಮೇಲೆ ಟೀಚರಿಗೆ ತೋರಿಸೋಣ ಅಂತಿದ್ದೆ. ಮೊದಲೇ ಹೇಳಿದ್ರೆ ಅವರಿಗೆ ಸಂಕಟ ಆಗತ್ತೆ ಅಂತ," ಎಂದರು. ಯಜಮಾನರಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು.

ಆದರೆ ನರ್ಸಮ್ಮ ಎಷ್ಟೋ ವಾರ್ಡುಗಳನ್ನು ಕಂಡವರು. ಎದ್ದು ಸೆರಗು ಸಿಕ್ಕಿಸಿಕೊಂಡರು. "ಆಯ್ತು. ಇವಳು ಹೋದ್ಲು. ಅಲ್ಲಿ ಇನ್ನೊಬ್ಬಳು ಕಾಯ್ತಿದ್ದಾಳೆ. ನಡೀರಿ." ಎರಡು ಹೂ ಕಿತ್ತು ಯಜಮಾನರ ಮೂಗಿನ ಮುಂದೆ ಹಿಡಿದರು. "ನೋಡ್ಕೊಳ್ಳಿ, ಇದು ಗಂಡು. ಉದ್ದ ತೊಟ್ಟು, ಒಳಗೆ ಪುಡಿ, ಹೊಟ್ಟೆ ಇಲ್ಲ."

"ಗಂಡು ಇಷ್ಟು ಸಣಕಲಾ?"

"ಎಲ್ಲಾ ಗಂಡೂ ಅಂಗಡೀಲಿ ಕೂತಿರಲ್ಲ ಯಜಮಾನ್ರೇ."

ಮುಂದೆ ನರ್ಸಮ್ಮ, ಕೈಯಲ್ಲಿ ಎರಡು ಗಂಡು. ಹಿಂದೆ ಯಜಮಾನರು, ಹೂವಿಗೆ ಬಿಸಿಲು ತಾಗದಂತೆ ನರ್ಸಮ್ಮನ ಕೊಡೆ ಹಿಡಿದು. ಅವರ ಹಿಂದೆ ಬಿಕ್ಕಳಿಸುತ್ತ ಟೈಲರು. ಮನೆ ಮುಟ್ಟಿದಾಗ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಹೂವಿನ ಅಂಚು ಆಗಲೇ ಒಳಕ್ಕೆ ಮಡಚಿಕೊಳ್ಳತೊಡಗಿತ್ತು. ಕಿಟಕಿಯಲ್ಲಿ ಹೆಂಡತಿಯ ಮುಖ ಕಂಬಿಗೆ ಒತ್ತಿಕೊಂಡಿತ್ತು.

ನರ್ಸಮ್ಮ ಗಂಡು ಹೂವಿನ ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಸುಲಿದರು. ಹಳದಿ ಪುಡಿ ಮೆತ್ತಿದ ಒಂದು ಸಣ್ಣ ಕಡ್ಡಿ ಉಳಿಯಿತು. ಅದನ್ನು ಹೆಣ್ಣಿನ ಒಳಗಿಟ್ಟು, ಮಗುವಿನ ಕೆನ್ನೆ ಒರೆಸುವ ಹಾಗೆ, ಸುತ್ತಲೂ ಮೆಲ್ಲಗೆ ತಾಗಿಸಿದರು. ಟೈಲರ ಬಿಕ್ಕಳಿಕೆಯೂ ನಿಂತಿತು.

"ಅಷ್ಟೇನಾ?" ಪಿಸುಗುಟ್ಟಿದರು ಯಜಮಾನರು.

"ಅಷ್ಟೇ. ಉಳಿದದ್ದು ಅವಳ ಕೆಲಸ."

"ನರ್ಸಮ್ಮ," ಎಂದಳು ಹೆಂಡತಿ ಕಿಟಕಿಯಿಂದ. "ಇದು ಕಚ್ಚಿದ್ರೆ ಕಾಯಿ ನಿಮ್ಮನೆಗೆ."

"ಬೇಡ ಟೀಚರೇ, ಮೂರು ಬೇಸಿಗೆ ಕಾದಿದ್ದೀರಿ..."

"ಒಂದು ಕಾಯಿ ಹಿಡ್ಕೊಂಡು ನಿಮ್ಮ ಬಾಗಿಲಿಗೆ ಬರಬೇಕು ಅಂತಾನೇ ಅಲ್ವಾ ಕಾದಿದ್ದು? ಹೊರೋರು ಇದ್ದಾರೆ ಬಿಡಿ." ಹೊರುವವರು ಕೊಡೆಯ ಹಿಂದೆ ಮುಖ ಮರೆಸಿಕೊಂಡರು.

ಅಲ್ಲಿಂದ ಮುಂದೆ ಯಜಮಾನರಿಗೆ ನಿದ್ದೆ ನಸುಕಿಗೇ ಹರಿಯತೊಡಗಿತು. ಕಚ್ಚದಿದ್ದರೆ ಕಾಯಿ ಹಳದಿಯಾಗಿ ಉದುರುತ್ತದೆ ಎಂದಿದ್ದರು ನರ್ಸಮ್ಮ. ಅಂಗಡಿಯ ಭೂತಗನ್ನಡಿ ತಂದು ಬಳ್ಳಿಯ ಕೆಳಗೆ ಬಗ್ಗಿ ಆ ಪುಟ್ಟ ಹೊಟ್ಟೆಯನ್ನು ನೋಡುವರು. ಹಸಿರೇ. ಮರುದಿನವೂ ಹಸಿರೇ. ಆಮೇಲೊಂದು ದಿನ ಗೋಲಿ ನಿಂಬೆಯಾಯಿತು, ನಿಂಬೆ ಚೆಂಡಾಯಿತು. "ಇವಳೇ, ಉಬ್ಬಿದೆ!" ಎಂದು ಅವರು ಕೂಗಿದ ಕೂಗಿಗೆ ಹೆಂಡತಿ ಉಳುಕಿದ ಕಾಲು ಮರೆತು ಓಡಿ ಬಂದಳು.

ಈಗ ಅವರ ಕಾಫಿ ತಣ್ಣಗಾಗುತ್ತಿರಲಿಲ್ಲ. ಲೋಟ ಹಿಡಿದು ತಾವೇ ಗೋಡೆಯ ಬಳಿ ಹೋಗುತ್ತಿದ್ದರು. ನಿನ್ನೆಯ ಗಿಡದ ಬಗ್ಗೆ ಇವತ್ತು ಮಾತಾಡುವುದು ಏನಿರುತ್ತದೆ ಎಂದು ಕೇಳಿದವರೇ ಎಲ್ಲರಿಗಿಂತ ಕೊನೆಗೆ ಒಳಗೆ ಬರತೊಡಗಿದರು. ಸೇರ್ಪಡೆಯ ಶುಲ್ಕವೊಂದಿತ್ತು. ದಿನಾ ಸಂಜೆ ಟೈಲರು ಬೆಳಗಿನ ಎರಡು ಬಾಡಿದ ಹೂಗಳನ್ನು ದೂರದಲ್ಲಿ ಎತ್ತಿ ಹಿಡಿದು, "ಸಾರ್, ಎಡಗಣ್ಣು ಮುಚ್ಚಿಕೊಳ್ಳಿ. ಇದು ಗಂಡೋ ಹೆಣ್ಣೋ? ಈಗ ಬಲಗಣ್ಣು," ಎನ್ನುವರು. ಊರಿಗೆಲ್ಲ ಕಣ್ಣಿನ ಪರೀಕ್ಷೆ ಮಾಡುವವರು ಮರ್ಯಾದೆಯಿಂದ ಉತ್ತರ ಹೇಳುವರು. ಒಮ್ಮೊಮ್ಮೆ ತಪ್ಪಾಗುತ್ತಿತ್ತು.

ಬೇಸಿಗೆಯ ಕೊನೆಗೆ ಕಾಯಿ ಬಲಿತು ತೊಟ್ಟು ಒಣಗಿತು. ಕೊಯ್ಯುವ ಮುನ್ನ ಹೆಂಡತಿ ತೊಳೆದಿಟ್ಟಿದ್ದ ಕುಂಚ ತೆಗೆದು, ಬಳ್ಳಿಯ ಮುಂದೆ ಕೂತು ಕುಂಬಳದ ಚಿತ್ರ ಬರೆದಳು. ಕೊಡುವುದು ಕೊಡುವುದೇ, ನೋಡಿಕೊಳ್ಳಲು ಒಂದಿರಲಿ ಎಂದು. ಆಮೇಲೆ ಕಾಯನ್ನು ಯಜಮಾನರ ಹೆಗಲಿಗೇರಿಸಿದಳು. ಚೀಲದಲ್ಲಿ ಹಿಡಿಸುವ ಗಾತ್ರ ಅದಾಗಿರಲಿಲ್ಲ.

ಸಂಜೆಯ ಬೀದಿ. ಮುಂದೆ ಯಜಮಾನರು, ಹಿಂದೆ ಹೊಸ ಸೀರೆಯುಟ್ಟು ಕಾಯಿ ಕೊಡಲು ಹೊರಟ ಹೆಂಡತಿ, ಬೀದಿಯ ಕೊನೆಯಲ್ಲಿ ಗೇಟು ತೆರೆದು ನಿಂತ ನರ್ಸಮ್ಮ. ಎಷ್ಟೋ ದಿನದಿಂದ ಬಾಗಿಕೊಂಡಿದ್ದ ತಲೆಯನ್ನು ಯಜಮಾನರು ಇವತ್ತು ಎತ್ತಿ ನಡೆದರು. ಹೂ ಕಿತ್ತ ಕೈ ಕಾಯಿ ತಂದಿದೆ. ಇನ್ನು ಯಾರಿಗೂ ಉತ್ತರ ಕೊಡಬೇಕಾದ್ದಿಲ್ಲ. ಒಂದೇ ಕೈಯನ್ನು ಹಗುರಾಗಿ ಕಾಯಿಗೆ ಆನಿಸಿ, ಇನ್ನೊಂದನ್ನು ಠೀವಿಯಿಂದ ಬೀಸುತ್ತ ಹೊರಟರು.

ಪಕ್ಕದ ಮನೆಯ ಜಗಲಿಯಲ್ಲಿ ಹೊಲಿಗೆಯಂತ್ರ ನಿಂತಿತು.

"ಯಾರಲ್ಲಿ!" ಟೈಲರು ಬೀದಿ ಅದುರುವಂತೆ ಕೂಗಿದರು. "ಕುಂಬಳಕಾಯಿ ಕಳ್ಳ!"

ಅಳತೆ ಕೊಡಲು ಬಂದವರು ತಿರುಗಿದರು. ಎದುರು ಮನೆಯ ಕಿಟಕಿ ತೆರೆಯಿತು. ಯಜಮಾನರು ಬೆಚ್ಚಿಬಿದ್ದರು, ಕಾಯಿ ಒಂದಿಷ್ಟು ಜಾರಿತು.

"ರೀ! ಹೆಗಲು! ಹೆಗಲು ಹಿಡ್ಕೊಳ್ಳಿ!" ಎಂದು ಚೀರಿದಳು ಹೆಂಡತಿ.

ಹಿಡಿದುಕೊಂಡರೆ ಬೀದಿಗೆಲ್ಲ ಕಳ್ಳ. ಬಿಟ್ಟರೆ ಮೂರು ಬೇಸಿಗೆಯ ಕಾಯಿ ನೆಲಕ್ಕೆ. ಯಜಮಾನರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ, ಎಲ್ಲರೂ ನೋಡುತ್ತಿರುವಂತೆಯೇ, ಎರಡೂ ಕೈಯೆತ್ತಿ ಹೆಗಲು ಮುಟ್ಟಿಕೊಂಡರು.